ರಶೀದಾ ಹಿಂದಕ್ಕೆ ಪಡೆದ ಇಪ್ಪತ್ತಾರು ಸಹಿ

ರಶೀದಾ ನದಾಫಳ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ. ಘಾಟ್ಕೋಪರ್‌ನ ನಮ್ಮ ಆಫೀಸಿನಲ್ಲಿ, ಕೋರ್ಟಿನ ಕ್ಯಾಂಟೀನಿನಲ್ಲಿ, ಕೊನೆಗೆ ಕನ್ನಡ ಸಂಘದ ಊಟದ ಪಂಕ್ತಿಯಲ್ಲೂ ಜನ ಅವಳ ಬಗ್ಗೆ ಆಡಿಕೊಳ್ಳುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಕಕ್ಷಿದಾರನ ಬೆನ್ನಿಗೆ ಚೂರಿ ಹಾಕಿದವಳು ಎನ್ನುತ್ತಾರೆ. ಹಾಗೆನ್ನುವವರಲ್ಲಿ ಮುಕ್ಕಾಲು ಪಾಲು ಬಿಲ್ಡರುಗಳ ಚಹಾ ಕುಡಿದೇ ಹೊಟ್ಟೆ ಬೆಳೆಸಿದವರು. ನಾನೇನು ಬೇರೆಯಲ್ಲ. ಹೆಸರು ಸೋಮನಾಥ, ಊರು ಧಾರವಾಡ, ಇನಾಮದಾರ ವಕೀಲರ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಹೆಡ್ ಕ್ಲಾರ್ಕು. ಬಿಲ್ಡರುಗಳ ಫೈಲುಗಳಿಗೆ ದಾರ ಕಟ್ಟುವುದರಲ್ಲೇ ನನ್ನ ಕೂದಲು ಉದುರಿತು.

ರಶೀದಾಳ ತಂದೆ ಗನಿಸಾಬ ಹತ್ತಿ ತುಂಬಿ ಗಾದಿ ಹೊಲಿಯುವವನು. ವಿಜಯಪುರದ ಕಡೆಯಿಂದ ಬಂದು ಆಂಟಾಪ್ ಹಿಲ್‌ನ ಒಂದು ಚಾಳಿನಲ್ಲಿ ಒಂದೇ ಕೋಣೆಯ ಖೋಲಿ ಹಿಡಿದ. ಆ ಚಾಳಿನಲ್ಲಿ ಇದ್ದದ್ದು ಇಪ್ಪತ್ತೇಳು ಖೋಲಿ, ಅಷ್ಟೂ ವಿಜಯಪುರ, ಕಲಬುರ್ಗಿ ಕಡೆಯವರವೇ. ಗನಿಸಾಬನೊಬ್ಬನನ್ನು ಬಿಟ್ಟರೆ ಗಂಡಸರು ಹೆಂಗಸರು ಎಲ್ಲರೂ ಕಟ್ಟಡದ ಕೆಲಸದವರು. ಪಕ್ಕದ ಖೋಲಿಯ ಮಲ್ಲವ್ವ ನಲವತ್ತು ವರ್ಷ ಕಾಂಕ್ರೀಟಿನ ಬುಟ್ಟಿ ಹೊತ್ತವಳು. ದಾದರ್‌ನಿಂದ ದಹಿಸರ್‌ವರೆಗೆ ಯಾವ ಬಿಲ್ಡಿಂಗಿನ ಎಷ್ಟನೇ ಮಾಳಿಗೆಗೆ ತಾನು ಸಿಮೆಂಟು ಹೊತ್ತೆ ಎಂದು ಲೋಕಲ್ ರೈಲಿನ ಕಿಟಕಿಯಿಂದ ಬೆರಳು ಮಾಡಿ ತೋರಿಸುತ್ತಾಳೆ. ಅವುಗಳಲ್ಲಿ ಒಂದರ ಲಿಫ್ಟಿನಲ್ಲೂ ಅವಳನ್ನು ಈಗ ಹತ್ತಿಸಿಕೊಳ್ಳುವುದಿಲ್ಲ.

ರಶೀದಾಗೆ ಆರು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಮನೆಯಲ್ಲಿ ದಖನಿ ಉರ್ದು, ಚಾಳಿನ ಪಡಸಾಲೆಯಲ್ಲಿ ಕನ್ನಡ, ಶಾಲೆಯಲ್ಲಿ ಹಿಂದಿ, ಬೀದಿಯಲ್ಲಿ ಮರಾಠಿ ಕಲಿತು, ಮಲ್ಲವ್ವನ ರೊಟ್ಟಿ ತಿಂದು ದೊಡ್ಡವಳಾದಳು. ಹಗಲು ಝೆರಾಕ್ಸ್ ಅಂಗಡಿಯಲ್ಲಿ ದುಡಿದು ಸಂಜೆ ಲಾ ಕಾಲೇಜಿಗೆ ಹೋದಳು. ನನ್ನ ಮದುವೆಯ ಗಾದಿ ಗನಿಸಾಬ ಹೊಲಿದದ್ದು. ಆ ಪರಿಚಯದ ಮೇಲೆ ಅವನು ಮಗಳನ್ನು ಕರೆದುಕೊಂಡು ನನ್ನ ಹತ್ತಿರ ಬಂದ. ನಾನು ಇನಾಮದಾರರಿಗೆ ಹೇಳಿ ಅವಳನ್ನು ಆಫೀಸಿಗೆ ಸೇರಿಸಿದೆ. ಒಬ್ಬರಿಗೆ ಉಪಕಾರ ಮಾಡಿದೆ ಎಂದು ವರ್ಷಗಟ್ಟಲೆ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಎಂಟು ವರ್ಷದ ಹಿಂದೆ ಆ ಚಾಳಿನ ಮೇಲೆ ಒಬ್ಬ ಬಿಲ್ಡರನ ಕಣ್ಣು ಬಿತ್ತು. ಅವನನ್ನು ನಾವು ಶೇಠ್ ಎಂದೇ ಕರೆಯುವುದು. ಚಾಳು ಕೆಡವಿ ಮುಂದುಗಡೆ ಮಾರಾಟಕ್ಕೆ ಗೋಪುರದಂಥ ಬಿಲ್ಡಿಂಗು, ಹಿಂದುಗಡೆ ಹಳೆಯ ಇಪ್ಪತ್ತೇಳು ಮನೆಯವರಿಗೆ ಪುಕ್ಕಟೆ ಮನೆಗಳ ಬಿಲ್ಡಿಂಗು, ಇದು ಕರಾರು. ಶೇಠ್‌ನ ವಕೀಲರು ನಮ್ಮ ಇನಾಮದಾರರು. ಚಾಳಿನವರು ತಮಗೂ ಒಬ್ಬ ವಕೀಲ ಬೇಕೆಂದಾಗ ಶೇಠ್ ನಕ್ಕು, ನಿಮ್ಮದೇ ಹುಡುಗಿ ಇದ್ದಾಳಲ್ಲ, ಬೇರೆಯವನಿಗೆ ಯಾಕೆ ದುಡ್ಡು ಸುರಿಯುತ್ತೀರಿ ಎಂದ. ಇನಾಮದಾರರೂ ನಕ್ಕರು. ಈ ಹೊಲಸು ಶುರುವಾದದ್ದು ಆ ನಗುವಿನಿಂದ.

ರಶೀದಾ ಅವತ್ತೇ ಅವರ ಕ್ಯಾಬಿನ್ನಿಗೆ ಹೋಗಿ ಕೇಳಿದಳು. ನಾನು ಅಲ್ಲೇ ಫೈಲು ಹಿಡಿದು ನಿಂತಿದ್ದೆ.

“ಸರ್, ನಾ ಯಾರ ವಕೀಲ?”

“ಶೇಠ್ ಅವರ ವಕೀಲ,” ಎಂದರು ಇನಾಮದಾರರು. “ಫೀ ಅವರು ಕೊಡ್ತಾರ. ಆದ್ರ ಅದನ್ನ ಚಾಳಿನ್ಯಾಗ ಡಂಗುರ ಸಾರೋ ಕಾರಣ ಇಲ್ಲ.”

ಅವಳು ಡಂಗುರ ಸಾರಿದಳು. ಭಾನುವಾರ ಚಾಳಿನ ಪಡಸಾಲೆಯಲ್ಲಿ ನಿಂತು, ನಾನು ನಿಮ್ಮ ವಕೀಲಳಲ್ಲ, ಶೇಠ್‌ನ ವಕೀಲಳು, ನಿಮಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಜನ ಬಿದ್ದು ಬಿದ್ದು ನಕ್ಕರು. “ಯಾರ ವಕೀಲ ಆದ್ರೇನವ್ವಾ, ಹುಟ್ಟಿದ್ದು ಇಲ್ಲೇ ಅಲ್ಲೇನು?” ಎಂದಳು ಮಲ್ಲವ್ವ. ಆ ಜನರಿಗೆ ವಕೀಲಿಕೆ ಎಂದರೆ ಸಂಬಂಧ. ಎದುರು ಪಾರ್ಟಿಯ ವಕೀಲಳಾದರೂ ಮಗಳು ಮಗಳೇ. ಇಂಥ ತಪ್ಪು ಮಾಡುವುದಕ್ಕೆ ತುಂಬ ಒಳ್ಳೆಯವರಾಗಿರಬೇಕು. ನಾನು ಅಂಥ ತಪ್ಪು ಜನ್ಮದಲ್ಲಿ ಮಾಡಿದವನಲ್ಲ.

ಇಲ್ಲಿ ನಮ್ಮ ಕಸುಬಿನ ಒಂದು ರೀತಿಯನ್ನು ಹೇಳಬೇಕು. ದಸ್ತಾವೇಜುಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಅದರ ಕೆಳಗೆ ಒಂದು ಚೌಕವಿರುತ್ತದೆ: ‘ಮೇಲಿನದನ್ನು ಇವರಿಗೆ ಕನ್ನಡದಲ್ಲಿ ಓದಿ ಅರ್ಥ ಮಾಡಿಸಿದ್ದೇನೆ, ತಿಳಿದುಕೊಂಡೇ ಒತ್ತಿದ್ದಾರೆ.’ ಅದರ ಕೆಳಗೆ ಕನ್ನಡ ಬಲ್ಲವರೊಬ್ಬರು ಸಹಿ ಹಾಕಬೇಕು. ಆ ಸಹಿಯಿಲ್ಲದಿದ್ದರೆ ಹೆಬ್ಬೆಟ್ಟಿಗೆ ಕೋರ್ಟಿನಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಮುಂಬೈಯಲ್ಲಿ ಇಂಥ ಲಕ್ಷಾಂತರ ಚೌಕಗಳಿಗೆ ಸಹಿ ಬಿದ್ದಿರಬಹುದು. ನಿಜವಾಗಿ ಓದಿ ಹೇಳಿದ್ದು ಎಷ್ಟೆಂದು ಕೇಳಿದರೆ ನಾವು ಮೇಲೆ ನೋಡುತ್ತೇವೆ, ಫ್ಯಾನು ಸರಿಯಾಗಿ ತಿರುಗುತ್ತಿದೆಯೇ ಎಂದು.

ರಶೀದಾ ಓದುತ್ತಿದ್ದಳು. ಓದಿದ ಮೇಲೆ ಪೆನ್ನು ಮುಚ್ಚಿಟ್ಟು, “ಈಗ ನೀ ನನಗ ಹೇಳು ಆಯಿ, ಇದರಾಗ ಏನೈತಿ?” ಎನ್ನುತ್ತಿದ್ದಳು. ಎದುರಿನವಳು ತನ್ನ ಮಾತಿನಲ್ಲಿ ತಿರುಗಿ ಒಪ್ಪಿಸಬೇಕು. ತಪ್ಪಿದರೆ ಮತ್ತೆ ಮೊದಲಿಂದ. ಮೂಲ ಕರಾರಿಗೆ ಇಪ್ಪತ್ತೇಳು ಹೆಬ್ಬೆಟ್ಟು ಬೀಳಲು ಐದು ಭಾನುವಾರ ಹಿಡಿಯಿತು. ಶೇಠ್ ಹಲ್ಲು ಕಡಿದ. ಆಫೀಸಿನಲ್ಲಿ ನಾವು ಅವಳನ್ನು ‘ಮಾಸ್ತರಬಾಯಿ’ ಎಂದು ಗೇಲಿ ಮಾಡಿದೆವು. ಆದರೆ ಆ ಓದಿನಿಂದಲೇ ಒಂದು ಕಲಮು ಬದಲಾಯಿತು. ಹೊಸ ಮನೆ ಸಿಗುವವರೆಗಿನ ಬಾಡಿಗೆ ಮನೆಯ ಖರ್ಚನ್ನು ಶೇಠ್ ಹದಿನೆಂಟು ತಿಂಗಳಿಗೆ ನಿಲ್ಲಿಸುವಂತೆ ಬರೆದಿತ್ತು. ಮಲ್ಲವ್ವ ತಿರುಗಿ ಹೇಳುವಾಗ, “ಅಂದ್ರ ಹತ್ತೊಂಬತ್ತನೇ ತಿಂಗಳ ನಾವು ಬೀದಿಗೆ?” ಎಂದು ಕೇಳಿ ಎದ್ದು ನಿಂತಳು. ಆ ಸಾಲು ಹೋಯಿತು.

ಚಾಳು ಬಿತ್ತು. ಜನ ಮಾನಖುರ್ದ್, ಗೋವಂಡಿಗಳ ಬಾಡಿಗೆ ಖೋಲಿಗಳಿಗೆ ಚದುರಿದರು. ಮುಂದಿನ ಬಿಲ್ಡಿಂಗು ಮೊದಲು ಎದ್ದಿತು, ಅಮೃತಶಿಲೆ, ಕಾರಂಜಿ, ಕಾವಲುಗಾರನಿಗೆ ಟೋಪಿ. ಹಿಂದಿನದು ಎಂಜಲಿನಂತೆ ಎದ್ದಿತು. ಮುಂದಿನದಕ್ಕೆ ಬಳಸಿ ಉಳಿದ ಟೈಲ್ಸು, ಯಾರೋ ಬೇಡವೆಂದ ಬಾಗಿಲು, ಕಕ್ಕಸಿನ ನೀರು ಹೊರಗೆ ಹೋಗದೆ ಅಂಗಳಕ್ಕೇ ಉಕ್ಕುವ ಪೈಪು. ಒಮ್ಮೆ ನಾನು ಕಾಗದ ತಲುಪಿಸಲು ಹೋದಾಗ ಆ ಅಂಗಳದಲ್ಲಿ ಮೂಗು ಮುಚ್ಚಿಕೊಂಡು ದಾಟಬೇಕಾಯಿತು. ಜನ ಇನ್ನೂ ಬಂದೇ ಇರಲಿಲ್ಲ, ಕೂಲಿಯವರು ನಾಲ್ಕು ದಿನ ಬಳಸಿದ್ದಕ್ಕೇ ಆ ಗತಿ.

ಹೋದ ವರ್ಷ ಏಪ್ರಿಲ್ ಮೊದಲ ವಾರ ಶೇಠ್‌ನ ಆಫೀಸಿನಿಂದ ಬಂದ ಕಾಗದಗಳ ಕಟ್ಟಿನಲ್ಲಿ ಒಂದು ಪತ್ರವಿತ್ತು. ಬಿಲ್ಡಿಂಗಿನ ಬಲ ಪರೀಕ್ಷಿಸಿದ ಇಂಜಿನಿಯರ್ ಶೇಠ್‌ಗೆ ಬರೆದದ್ದು. ಹಿಂದಿನ ಬಿಲ್ಡಿಂಗಿನ ಕೆಳಮಾಳಿಗೆಯ ಏಳು ಪಿಲ್ಲರುಗಳನ್ನು ಕೊರೆದು ತುಂಡು ತೆಗೆದು ನೋಡಿದ್ದೇವೆ, ಕಾಂಕ್ರೀಟು ಬೇಕಾದ ಗಟ್ಟಿತನದ ಅರ್ಧದಷ್ಟೂ ಇಲ್ಲ, ಅವುಗಳನ್ನು ಬಲಪಡಿಸುವ ಮೊದಲು ಒಂದು ಮನೆಗೂ ಜನರನ್ನು ಬಿಡಬೇಡಿ ಎಂದಿತ್ತು. ಪತ್ರ ಮೊದಲು ಓದಿದವನು ನಾನು. ಓದಿ, ಎರಡು ತೂತು ಹೊಡೆದು, ಫೈಲಿಗೆ ದಾರ ಕಟ್ಟಿದೆ. ಅವತ್ತು ಮಧ್ಯಾಹ್ನ ಹೊಟ್ಟೆ ತುಂಬ ಊಟವನ್ನೂ ಮಾಡಿದೆ.

ಹನ್ನೊಂದು ದಿನದ ಮೇಲೆ ರಶೀದಾ ಫೈಲು ಬಿಚ್ಚಿದಳು, ಮನೆಗಳನ್ನು ವಶಕ್ಕೆ ಕೊಡುವ ಪೊಸೆಷನ್ ಪತ್ರ ತಯಾರಿಸಲು. ಅಕ್ಷಯ ತೃತೀಯಾಕ್ಕೆ ಗೃಹಪ್ರವೇಶವೆಂದು ಶೇಠ್ ನಿಶ್ಚಯಿಸಿದ್ದ. ಹಳಬರನ್ನು ಒಳಗೆ ಹಾಕಿದರೆ ಮಾತ್ರ ಮುಂದಿನ ಬಿಲ್ಡಿಂಗಿನ ಕೊನೆಯ ಪರವಾನಗಿ ಸಿಗುವುದಿತ್ತು. ಪತ್ರ ಹಿಡಿದು ಅವಳು ಇನಾಮದಾರರ ಎದುರು ನಿಂತಾಗ ನಾನೂ ಇದ್ದೆ.

“ಸರ್, ಪೊಸೆಷನ್ ಪತ್ರದಾಗ ‘ಕಟ್ಟಡ ನೋಡಿದ್ದೇನೆ, ಗಟ್ಟಿಯಿದೆ, ಮುಂದೆ ತಕರಾರಿಲ್ಲ’ ಅಂತ ಐತಿ. ಇದನ್ನ ನಾ ಅವರಿಗೆ ಹ್ಯಾಂಗ ಓದ್ಲಿ?”

“ಕನ್ನಡದಾಗ ಓದು,” ಎಂದರು ಇನಾಮದಾರರು, ಇಡ್ಲಿಯನ್ನು ಚಟ್ನಿಗೆ ಅದ್ದುತ್ತ.

“ಈ ಪತ್ರದ ವಿಷಯ ಹೇಳದ?”

“ಕಕ್ಷಿದಾರನ ಗುಟ್ಟು ವಕೀಲನ ಹೊಟ್ಟಿಯೊಳಗ ಸಾಯಬೇಕು. ಕಾಲೇಜಿನ್ಯಾಗ ಇದನ್ನಾದ್ರೂ ಕಲಿಸಿರಬೇಕಲ್ಲ.”

“ಮೋಸಕ್ಕ ಬಳಸೋ ಗುಟ್ಟಿಗೆ ಆ ರಕ್ಷಣಾ ಇಲ್ಲಂತನೂ ಕಲಿಸ್ಯಾರ, ಸರ್.”

“ಮೋಸ ಅಂತ ಯಾರಂದ್ರು? ಶೇಠ್ ರಿಪೇರಿ ಮಾಡಸ್ತೇನಿ ಅಂತ ಹೇಳ್ಯಾರ, ಮಳಿಗಾಲ ಮುಗದ ಮ್ಯಾಲೆ. ಅಲ್ಲೀತನಕ ಕಟ್ಟಡ ಎಲ್ಲಿಗೂ ಓಡಿಹೋಗೂದಿಲ್ಲ. ನೀ ಬಾಯಿ ಬಿಟ್ರ ಸನದು ಹೋಗ್ತದ, ನೆನಪಿಡು.” ಹಾಗೆಂದು ಬೆರಳು ನೆಕ್ಕಿಕೊಂಡರು. ಸನದು ಎಂದರೆ ವಕೀಲಿ ಮಾಡುವ ಪರವಾನಗಿ. ಗಾದಿ ಹೊಲಿದ ದುಡ್ಡಿನಲ್ಲಿ ತಂದ ಪರವಾನಗಿ ಅದು.

ನನಗೆ ಅವರ ಮೇಲೆ ಬಂದ ಹೇಸಿಗೆಗಿಂತ ಅವರ ಮಾತು ಸರಿಯಿರಬಹುದೇನೋ ಎಂಬ ಅನುಮಾನದ ಮೇಲೆ ಹೆಚ್ಚು ಹೇಸಿಗೆ ಬಂತು. ಗುಟ್ಟು ಬಿಟ್ಟುಕೊಡುವ ವಕೀಲನ ಹತ್ತಿರ ಯಾರು ಬರುತ್ತಾರೆ? ರಿಪೇರಿ ಮಾಡಿಸುತ್ತೇನೆಂದು ಕಕ್ಷಿದಾರ ಹೇಳಿದ ಮೇಲೆ ಅದು ಸುಳ್ಳೆನ್ನಲು ನಾವು ಯಾರು? ಇಂಥ ಪ್ರಶ್ನೆಗಳ ಅಡಿಯಲ್ಲಿ ಏಳು ಪಿಲ್ಲರುಗಳನ್ನೂ ಇಪ್ಪತ್ತೇಳು ಸಂಸಾರಗಳನ್ನೂ ಆರಾಮವಾಗಿ ಹೂಳಬಹುದು. ಕಾಯ್ದೆ ಓದಿದವರ ಜಾಣತನವೇ ಅದು.

ರಶೀದಾ ಪೊಸೆಷನ್ ಪತ್ರ ಓದಿಸಿ ಒತ್ತಿಸಲು ಹೋದಳು. ಇದನ್ನು ನಾನು ಮುಚ್ಚಿಡುವುದಿಲ್ಲ. ಅವಳನ್ನು ದೇವತೆ ಮಾಡಲು ನಾನು ಕೂತಿಲ್ಲ. ಸೈಟಿನ ಸೇಲ್ಸ್ ಆಫೀಸಿನಲ್ಲಿ ಎ.ಸಿ. ಹಾಕಿ, ಪೇಢೆ ಹಂಚಿ, ಚಾಳಿನವರನ್ನು ಒಬ್ಬೊಬ್ಬರಾಗಿ ಕೂರಿಸಿದರು. ಅವಳು ಪ್ರತಿಯೊಂದು ಸಾಲನ್ನೂ ಕನ್ನಡದಲ್ಲಿ ಓದಿದಳು, ಒಂದಕ್ಷರ ಬಿಡಲಿಲ್ಲ. ಮಲ್ಲವ್ವ ತಿರುಗಿ ಒಪ್ಪಿಸಿದಳು: “ಕಟ್ಟಡ ನಾ ನೋಡೀನಿ, ಗಟ್ಟಿ ಐತಿ, ನಾಳೆ ಏನರ ಆದ್ರ ಶೇಠನ ಮ್ಯಾಲೆ ಕೇಸ ಹಾಕೂದಿಲ್ಲ. ನಾ ಎಲ್ಲಿ ನೋಡೀನವ್ವಾ? ನೀ ನೋಡೀಯಲ್ಲ, ಅಷ್ಟು ಸಾಕು.” ನಲವತ್ತು ವರ್ಷ ಪಿಲ್ಲರು ಎಬ್ಬಿಸಿದ ಮುದುಕಿ. ಐವತ್ತು ಹೆಜ್ಜೆ ನಡೆದು ಹೋಗಿ ಒಮ್ಮೆ ಕೈಯಿಂದ ಬಡಿದು ನೋಡಿದ್ದರೆ ಅವಳಿಗೆ ಗೊತ್ತಾಗುತ್ತಿತ್ತು. ತಮ್ಮ ಹುಡುಗಿ ಓದಿದ ಮೇಲೆ ಪಿಲ್ಲರು ಬಡಿದು ನೋಡುವುದು ಆ ಹುಡುಗಿಗೆ ಮಾಡುವ ಅವಮಾನ ಎಂದುಕೊಂಡಳು. ರಶೀದಾ ತಲೆ ತಗ್ಗಿಸಿ ಚೌಕದಲ್ಲಿ ಸಹಿ ಹಾಕಿದಳು. ಸಂಜೆಯ ಹೊತ್ತಿಗೆ ಇಪ್ಪತ್ತಾರು ಸಹಿ ಆದವು.

ಇಪ್ಪತ್ತೇಳನೆಯದು ಗನಿಸಾಬನದು. ಅಬ್ಬಾನಿಗೆ ಜ್ವರ, ಆಮೇಲೆ ತರುತ್ತೇನೆ ಎಂದಳು. ಗನಿಸಾಬನಿಗೆ ಯಾವ ಜ್ವರವೂ ಇರಲಿಲ್ಲ. ಅವಳು ಅದೇ ವಾರ ಘಾಟ್ಕೋಪರ್‌ನಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದು, ನೀನು ನನ್ನ ಹತ್ತಿರವೇ ಇರು, ಆ ಮನೆ ಬೇಡ ಎಂದು ಹಟ ಹಿಡಿದಳು. ಸುದ್ದಿ ಚಾಳಿನವರಿಗೆ ತಲುಪಿತು. ಮಗಳು ದೊಡ್ಡವಳಾದಳು, ಇನ್ನು ನಮ್ಮ ಜೊತೆ ಇರುವುದು ಅವಳಿಗೆ ನಾಚಿಕೆ ಎಂದು ಅವರು ಅರ್ಥ ಮಾಡಿಕೊಂಡರು. ಮಲ್ಲವ್ವ ಹುಡುಗಿಯನ್ನು ಬಾಯಿಗೆ ಬಂದಂತೆ ಬೈದು ಎರಡು ದಿನ ಊಟ ಬಿಟ್ಟಳಂತೆ. ಅನುಮಾನ ಪಡಬೇಕಾದ ಕಡೆ ಅನುಮಾನ ಬಾರದ ಜನ.

ಗನಿಸಾಬನಿಗೆ ಮಾತ್ರ ಅನುಮಾನ ಬಂತು. ಒಂದು ಬುಧವಾರ ಮಧ್ಯಾಹ್ನ ಅವನು ಆಫೀಸಿಗೆ ಬಂದ. ಬಿಳಿ ಗಡ್ಡ, ಅಂಗಿಯ ಮೇಲೆಲ್ಲ ಹತ್ತಿಯ ಎಳೆ. ಇನಾಮದಾರರು ಹೈಕೋರ್ಟಿಗೆ ಹೋಗಿದ್ದರು. ರಶೀದಾ ಎದ್ದು ಕುರ್ಚಿ ಕೊಟ್ಟಳು. ಅವನು ಕೂರಲಿಲ್ಲ.

“ಮೇರೆಕು ಅಕೇಲೆಕು ಕೈಕು ಭಾರ್ ರಖೀ?” ಎಂದ. ನನ್ನೊಬ್ಬನನ್ನೇ ಯಾಕೆ ಹೊರಗಿಟ್ಟೆ ಎಂದು ಕೇಳಿದ್ದು.

ಅವಳು ಮೇಜಿನ ಮೇಲಿನ ಫೈಲು ಮುಚ್ಚಿದಳು.

“ಸೋಮಣ್ಣನೂ ಕೇಳಲಿ,” ಎಂದು ಅವನು ಕನ್ನಡಕ್ಕೆ ಹೊರಳಿದ. “ಆ ಕಟ್ಟಡದಾಗ ಏನೋ ಐತಿ. ಏನಂತ ನಾ ಕೇಳೂದಿಲ್ಲ. ಹೇಳಿದ್ರ ನಿನ್ನ ಕೆಲಸಾ ಹೋಗ್ತೈತಿ, ಅದು ನನಗ ತಿಳೀತೈತಿ. ಆದ್ರ ನಿಮ್ಮಪ್ಪ ಗಾದಿ ಮಾಡವ. ಒಳಗ ಹಳೇ ಕೊಳತ ಹತ್ತಿ ತುಂಬಿ ಮ್ಯಾಲೆ ಹೊಸಾ ಅರಿವಿ ಹೊಲದ್ರ ಯಾರಿಗೂ ಗೊತ್ತಾಗೂದಿಲ್ಲ. ನಾ ಹಂಗ ಒಂದು ದಿನ ಮಾಡಿಲ್ಲ. ಮಾಡಿದ್ರೂ ಊರಿಗೆಲ್ಲಾ ಅದರ ಮ್ಯಾಲೆ ಮಲಗ್ರಿ ಅಂತ ಕೊಟ್ಟು, ನನ್ನ ಮನಿಮಂದೀನ್ನ ಮಾತ್ರ ಚಾಪಿ ಮ್ಯಾಲೆ ಮಲಗಸ್ತಿದ್ದಿಲ್ಲ.”

“ಅಬ್ಬಾ, ನಾ ಏನ್ ಮಾಡ್ಲಿ?” ಎಂದಳು ರಶೀದಾ.

“ಮಲ್ಲವ್ವನ ಕೈ ರೊಟ್ಟಿ ತಿಂದಾಕಿ ನೀ. ನಾನೂ ಆ ಮನಿಗೇ ಹೋಗ್ತೀನಿ, ಅಕ್ಷಯ ತೃತೀಯಾದ ದಿನ ಎಲ್ಲಾರ ಜೋಡಿ. ನನ್ನ ಕಾಗದ ತಯಾರ ಮಾಡು. ಓದಬ್ಯಾಡ, ಒತ್ತತೀನಿ.” ಅಷ್ಟು ಹೇಳಿ ಹೊರಟುಹೋದ. ಅವನು ಗದರಲಿಲ್ಲ, ಉಗುಳಲಿಲ್ಲ. ಉಗುಳಿದ್ದರೆ ನಮಗಿಬ್ಬರಿಗೂ ಸ್ವಲ್ಪ ಹಗುರಾಗುತ್ತಿತ್ತು.

ಮರುದಿನ ಬೆಳಿಗ್ಗೆ ರಶೀದಾ ತಾನೇ ಟೈಪು ಮಾಡಿದ ಒಂದು ಪುಟದ ಕಾಗದವನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಇಪ್ಪತ್ತಾರು ಮನೆಯವರಿಗೂ ಶೇಠ್‌ಗೂ ಕಳಿಸಿದಳು. ಅದರಲ್ಲಿ ಇಂಜಿನಿಯರನ ಮಾತಿಲ್ಲ, ಪಿಲ್ಲರಿನ ಮಾತಿಲ್ಲ. ‘ಪೊಸೆಷನ್ ಪತ್ರವನ್ನು ಓದಿ ಅರ್ಥ ಮಾಡಿಸಿದ್ದೇನೆಂದು ನಾನು ಹಾಕಿದ ಸಹಿಯನ್ನು ಹಿಂದಕ್ಕೆ ಪಡೆದಿದ್ದೇನೆ. ಅರ್ಥವಾಗಬೇಕಾದಷ್ಟು ನಿಮಗೆ ಅರ್ಥವಾಗಿದೆ ಎಂದು ನಾನು ಇನ್ನು ಹೇಳಲಾರೆ. ಕಾರಣ ಹೇಳುವ ಹಕ್ಕು ನನಗಿಲ್ಲ.’ ಇಷ್ಟೇ. ಗುಟ್ಟು ಗುಟ್ಟಾಗಿಯೇ ಉಳಿಯಿತು, ಸಹಿ ಮಾತ್ರ ಹೋಯಿತು. ಇಪ್ಪತ್ತೆಂಟು ವರ್ಷದಲ್ಲಿ ಇಂಥ ದಾರಿಯೊಂದಿದೆ ಎಂದು ನಮ್ಮ ಆಫೀಸಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆಯಲು ಹುಡುಕಬೇಕಲ್ಲ. ಜೊತೆಗೆ ತನ್ನ ರಾಜೀನಾಮೆಯನ್ನೂ ಮೇಜಿನ ಮೇಲಿಟ್ಟು ಹೋದಳು.

ಇನಾಮದಾರರು ಆ ದಿನ ಬೈದ ಬೈಗುಳಗಳನ್ನು ನಾನು ಬರೆಯಲಾರೆ. ಅವಳ ಜಾತಿ ಬಂತು, ತಾಯಿ ಬಂದಳು. ಮಧ್ಯಾಹ್ನದ ಹೊತ್ತಿಗೆ ತಣ್ಣಗಾಗಿ ನನ್ನನ್ನು ಕರೆದರು.

“ಸೋಮನಾಥ, ನಿನಗೂ ಕನ್ನಡ ಬರ್ತದಲ್ಲ. ಹೊಸಾ ಕಾಗದ ಮಾಡಿಸಿ ಇಪ್ಪತ್ತೇಳೂ ಹೆಬ್ಬೆಟ್ಟು ಒತ್ತಿಸಿಕೊಂಡು ಬಾ. ಚೌಕದಾಗ ನೀ ಸಹಿ ಮಾಡು.”

ನಾನು ಆಗಲಿ ಎಂದೆ. ಯಾಕೆ ಎಂದು ಕೇಳಬೇಡಿ. ಮಗಳ ಮದುವೆ ಬಾಕಿ, ಮನೆಯ ಕಂತು ಬಾಕಿ ಎಂದು ಕಾರಣ ಕೊಡಬಹುದು. ನಿಜವೇನೆಂದರೆ ಆ ಮನುಷ್ಯ ಕರೆದಾಗ ನನ್ನ ಬಾಯಿಂದ ಆಗಲಿ ಎಂಬ ಮಾತು ತಾನೇ ಬರುತ್ತದೆ, ನಾಯಿಯ ಬಾಲದಂತೆ.

ಭಾನುವಾರ ಅದೇ ಸೇಲ್ಸ್ ಆಫೀಸು, ಅದೇ ಪೇಢೆ. ಜನ ಗುಜುಗುಜು ಎನ್ನುತ್ತಿದ್ದರು. ರಶೀದಾಳ ಕಾಗದವನ್ನು ಯಾರೋ ಓದಿ ಹೇಳಿದ್ದರು, ಯಾರಿಗೂ ತಲೆಬುಡ ತಿಳಿದಿರಲಿಲ್ಲ. ಶೇಠ್‌ನ ಮ್ಯಾನೇಜರು, ಹುಡುಗಿಗೆ ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ನಿಮ್ಮ ಕೆಲಸ ಈಗ ಅವಳಿಗೆ ಬೇಡ ಎಂದು ಹಬ್ಬಿಸಿದ್ದ. ಗನಿಸಾಬ ಬಂದಿದ್ದ. ಹಿರಿಯನೆಂದು ಅವನನ್ನೇ ಮೊದಲು ಕೂರಿಸಿದರು. ಅವನು ನನ್ನೆದುರು ಕೂತು, ನಾನು ಓದಲು ಬಾಯಿ ತೆರೆದ ಕೂಡಲೇ ಕಾಗದದ ಮೇಲೆ ಅಂಗೈ ಇಟ್ಟ.

“ಓದಬ್ಯಾಡ ಸೋಮಣ್ಣ. ಒಂದು ಮಾತು ಹೇಳು, ಎಲ್ಲಾರಿಗೂ ಕೇಳೂ ಹಂಗ. ನಿನ್ನ ಹೇಣ್ತಿ ಮಕ್ಕಳನ್ನ ಇಲ್ಲಿ ಮಲಗಸ್ತೀ ಏನು?”

ಹೌದು ಎಂದರೆ ಮುಗಿಯುತ್ತಿತ್ತು. ಆ ಒಂದು ಮಾತಿಗಾಗಿಯೇ ನನ್ನನ್ನು ಕಳಿಸಿದ್ದು. ಮ್ಯಾನೇಜರು ನನ್ನನ್ನೇ ನೋಡುತ್ತಿದ್ದ. ನನ್ನ ನಾಲಿಗೆ ಏಳಲಿಲ್ಲ. ಇಲ್ಲ ಎನ್ನುವ ಧೈರ್ಯವಿರಲಿಲ್ಲ, ಹೌದು ಎನ್ನಲು ಆಗಲಿಲ್ಲ. ಎ.ಸಿ.ಯ ಸದ್ದು ಕೇಳುತ್ತ, ಬೆವರುತ್ತ, ಪೇಢೆಯ ಡಬ್ಬಿ ನೋಡುತ್ತ ಕೂತೆ.

ಗನಿಸಾಬ ಶಾಯಿಯ ಪ್ಯಾಡಿನ ಮುಚ್ಚಳ ಹಾಕಿ ಜೇಬಿಗೆ ಇಳಿಸಿದ. “ಉತ್ತರ ಸಿಕ್ಕಿತು. ಏಳ್ರಿ ಎಲ್ಲಾರೂ,” ಎಂದ.

ಮಲ್ಲವ್ವ ಎದ್ದು ಹೊರಗೆ ಹೋಗಲಿಲ್ಲ, ಹಿಂದಿನ ಬಿಲ್ಡಿಂಗಿಗೆ ಹೋದಳು. ಉಳಿದವರು ಅವಳ ಹಿಂದೆ, ಅವರ ಹಿಂದೆ ನಾನು. ಕಾವಲುಗಾರ ತಡೆದ. ಅವಳು ಅವನನ್ನು ಬದಿಗೆ ಸರಿಸಿ, ಅಂಗಳದಲ್ಲಿ ಬಿದ್ದಿದ್ದ ಒಂದು ಮೊಳ ಉದ್ದದ ಕಬ್ಬಿಣದ ಸಳಿ ಎತ್ತಿಕೊಂಡು, ಕೆಳಮಾಳಿಗೆಯ ಮೂಲೆಯ ಪಿಲ್ಲರಿಗೆ ಹೊಡೆದಳು. ಮೇಲಿನ ಗಿಲಾವು ಹಪ್ಪಳದಂತೆ ಕಳಚಿತು. ಒಳಗೆ ಸಳಿಯ ತುದಿಯಿಂದ ಕೆದಕಿದಳು. ಉಸುಕು ಸುರಿಯಿತು. ಹಿಡಿಯಲ್ಲಿ ಹಿಡಿದು ಮೂಸಿದಳು.

“ಸಮುದ್ರದ ಉಸುಕು,” ಎಂದಳು. “ಸಿಮಿಟಿ ಬರೀ ತೋರಸಲಿಕ್ಕೆ ಹಾಕ್ಯಾರ.” ಅವಳು ಆ ಹಿಡಿ ಉಸುಕನ್ನು ನನ್ನ ಕೈಗೆ ಸುರಿದು, “ತಗೊಂಡು ಹೋಗಿ ನಿಮ್ಮ ಸಾಹೇಬನ ಚೌಕದಾಗ ತುಂಬು,” ಎಂದಳು. ಆಮೇಲೆ ನೆಲದ ಮೇಲೆ ಕೂತು, ಹುಡುಗಿಯನ್ನು ಬೈದೆನಲ್ಲ ಎಂದು ಅತ್ತಳು.

ಒಬ್ಬರೂ ಒಳಗೆ ಹೋಗಲಿಲ್ಲ. ತಾವೇ ಒಬ್ಬ ಇಂಜಿನಿಯರನನ್ನು ಹಿಡಿದರು, ಪಾಲಿಕೆಯ ವಾರ್ಡ್ ಆಫೀಸಿನ ಮುಂದೆ ಧರಣಿ ಕೂತರು. ಈಗ ಆ ಏಳು ಪಿಲ್ಲರುಗಳಿಗೆ ಸುತ್ತಲೂ ಕಬ್ಬಿಣ ಕಟ್ಟಿ ಹೊಸ ಕಾಂಕ್ರೀಟು ತುಂಬುತ್ತಿದ್ದಾರೆ. ಮಲ್ಲವ್ವ ದಿನಾ 'ಕೆಲಸ ನೋಡ್ತೀನಿ' ಎಂದು ಅಲ್ಲೇ ಕೂತಿರುತ್ತಾಳಂತೆ. ಶೇಠ್‌ಗೆ ಏನೂ ಆಗಲಿಲ್ಲ, ಅವನ ಹೊಸ ಜಾಹೀರಾತು ಸ್ಟೇಷನ್ನಿನ ಎದುರೇ ಇದೆ.

ನನಗೆ ಏನಾಯಿತು ಎಂದರೆ, ಬಡ್ತಿಯಾಯಿತು. ಅಷ್ಟು ಜನರ ಮುಂದೆ ಕೇಳಿದರೂ ಪತ್ರದ ವಿಷಯ ಬಾಯಿ ಬಿಡಲಿಲ್ಲ, ನಂಬಿಗಸ್ತ ಎಂದು ಇನಾಮದಾರರು ಬೆನ್ನು ತಟ್ಟಿದರು. ರಶೀದಾ ಕೂರುತ್ತಿದ್ದ ಮೇಜನ್ನು ನನಗೆ ಕೊಟ್ಟರು. ಕಿಟಕಿಯ ಪಕ್ಕ, ಗಾಳಿ ಚೆನ್ನಾಗಿ ಬರುತ್ತದೆ. ನಾನು ಕೂತೆ. ಜನ್ಮದಲ್ಲಿ ನನ್ನಿಂದ ಒಂದೇ ಒಂದು ಒಳ್ಳೆಯ ಕೆಲಸವಾದದ್ದು ಹೆದರಿ ನಾಲಿಗೆ ಕಟ್ಟಿದ್ದರಿಂದ. ಅದಕ್ಕೂ ಇವರು ಬೇರೆ ಅರ್ಥ ಕಟ್ಟಿ ಬಹುಮಾನ ಕೊಟ್ಟರು, ನಾನು ತೆಗೆದುಕೊಂಡೆ.

ರಶೀದಾ ಈಗ ಘಾಟ್ಕೋಪರ್ ಸ್ಟೇಷನ್ನಿನ ಹತ್ತಿರ ಒಂದು ಸ್ಟೇಷನರಿ ಅಂಗಡಿಯ ಮೂಲೆಯಲ್ಲಿ ಮೇಜು ಹಾಕಿಕೊಂಡು ಅಫಿಡವಿಟ್ಟು, ಬಾಡಿಗೆ ಕರಾರು ಬರೆದುಕೊಡುತ್ತಾಳೆ. ಮೊದಲಿನಂತೆಯೇ ಓದಿ, ತಿರುಗಿ ಹೇಳಿಸುತ್ತಾಳಂತೆ. ದಿನಕ್ಕೆ ಮೂರು ಜನ ಬಂದರೆ ಹೆಚ್ಚು. ಎಷ್ಟು ದಿನ ಹೀಗೆ ಎಂಬುದೂ ಗೊತ್ತಿಲ್ಲ, ಯಾಕೆಂದರೆ ಇನಾಮದಾರರು ಅವಳ ಸನದು ಕಿತ್ತುಕೊಳ್ಳಬೇಕೆಂದು ದೂರು ಕೊಟ್ಟಿದ್ದಾರೆ. ಕಕ್ಷಿದಾರನ ಗುಟ್ಟನ್ನು ಚಾಳಿನವರಿಗೆ ಹೇಳಿಕೊಟ್ಟಳು ಎಂಬುದು ಆರೋಪ. ಅವಳು ಹೇಳಿಲ್ಲ. ಅಪ್ಪ ಮಗಳನ್ನು ಬಿಟ್ಟರೆ ಹೇಳಿಲ್ಲವೆಂದು ಬಲ್ಲವನು ಜಗತ್ತಿನಲ್ಲಿ ನಾನೊಬ್ಬ. ಅವರಿಗೆ ಉತ್ತರ ಸಿಕ್ಕಿದ್ದು ನನ್ನ ಬೆವರಿದ ಮುಖದಿಂದ.

ಸೋಮವಾರ ಇನಾಮದಾರರು ಒಂದು ಅಫಿಡವಿಟ್ಟನ್ನು ನನ್ನ ಮುಂದಿಟ್ಟರು. ಸಾಕ್ಷಿ ನಾನು. ರಶೀದಾ ತನ್ನ ತಂದೆಗೆ ಪಿಲ್ಲರಿನ ವಿಷಯ ಹೇಳುವುದನ್ನು ಆ ಬುಧವಾರ ಮಧ್ಯಾಹ್ನ ಆಫೀಸಿನಲ್ಲಿ ಕಿವಿಯಾರೆ ಕೇಳಿದೆ ಎಂದು ಅದರಲ್ಲಿದೆ. ಎರಡು ದಿನ ಡ್ರಾಯರಿನಲ್ಲಿಟ್ಟುಕೊಂಡೆ. ಒಮ್ಮೆ ಹರಿಯಲೆಂದು ಕೈಗೆತ್ತಿಕೊಂಡೆ, ಆದರೆ ಹೊರಗೆ ಅವರ ಬೂಟಿನ ಸದ್ದು ಕೇಳಿಸಿತು.

ನಿನ್ನೆ ಸಹಿ ಮಾಡಿ ಕೊಟ್ಟೆ. ನಡೆದದ್ದನ್ನು ಇದ್ದಂತೆ ಇಲ್ಲಿ ಬರೆಯುವ ಧೈರ್ಯ ಬಂದಿದೆ ಎಂದು ನೀವು ಮೆಚ್ಚಿಕೊಳ್ಳುವುದು ಬೇಡ. ಇನಾಮದಾರರು ಕನ್ನಡ ಆಡುತ್ತಾರೆಯೇ ಹೊರತು ಓದುವುದಿಲ್ಲ.